ಏಳನೇ ಗಾಡಿಯ ಕಮಾನುಪಟ್ಟಿ

ಬೆಳಗಿನ ನಮಾಜಿಗೆ ವಜೂ ಮಾಡುತ್ತ, ಬಲಗೈಯನ್ನು ಮೊಣಕೈತನಕ ಎರಡು ಸಲ ತೊಳೆದು ಮೂರನೇ ಸಲಕ್ಕೆ ನೀರು ಹಿಡಿಯುವಷ್ಟರಲ್ಲಿ ನಜೀಬ ಮೇಸ್ತ್ರಿಗೆ ಹೊಳೆಯಿತು: ಇವತ್ತಿನ ಪೈಪೋಟಿಯಲ್ಲಿ ಓಡುವ ಏಳು ಗಾಡಿಗಳಲ್ಲಿ ಒಂದೂ ಕಂಪನಿಯವರು ಕೊಟ್ಟ ಹಾಗೆ ಇಲ್ಲ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಒಂದು ಇದೆ. ಕಳಕಮ್ಮನದು. ಅದು ಕಂಪನಿಯವರು ಕೊಟ್ಟ ಹಾಗೇ ಇದೆ ಅನ್ನುವುದು ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತು, ಕಳಕಮ್ಮನಿಗೂ ಗೊತ್ತಿಲ್ಲ. ನಳ ಹರಿಯುತ್ತಲೇ ಇತ್ತು. “ಏನ್ರಿ, ವಜೂ ಮಾಡಾಕ ಹತ್ತೀರೋ, ಲಾರಿ ತೊಳ್ಯಾಕ ಹತ್ತೀರೋ?” ಎಂದು ಹೆಂಡತಿ ರಜಿಯಾಬೇಗಂ ಒಳಗಿನಿಂದಲೇ ಕೇಳಿದಳು. ಎಷ್ಟು ಸಲ ತೊಳೆದೆ ಎಂಬುದು ಮರೆತುಹೋಗಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದ. ಚಾಪೆಗೆ ಹಣೆ ಊರಿದಾಗಲೂ ಕಣ್ಣಿಗೆ ಕಂಡದ್ದು ಒಂದು ಗೂಡ್ಸ್ ಗಾಡಿಯ ಹೊಟ್ಟೆ, ಅದಕ್ಕೆ ಮೆತ್ತಿದ ಕೆಸರು, ಮೂರು ವರ್ಷದ ಹಿಂದೆ ತಾನೇ ಬಳಿದ ಕರಿ ಬಣ್ಣ.

ನಜೀಬನದು ಕಾರಟಗಿಯಲ್ಲಿ ಕಮಾನುಪಟ್ಟಿಯ ಕೆಲಸ. ಗಾಡಿಯ ಹಿಂದಿನ ಗಾಲಿಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಹೇರಿದ ಭಾರವನ್ನೆಲ್ಲ ಅವೇ ಹೊರಬೇಕು. ಇಷ್ಟು ಪಟ್ಟಿ ಸಾಕು ಎಂದು ಕಂಪನಿಯವರು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಆದರೆ ಕಂಪನಿಯವರು ಸುಗ್ಗಿಯಲ್ಲಿ ಕಾರಟಗಿಯ ಅಕ್ಕಿ ಗಿರಣಿಯ ಮುಂದೆ ನಿಂತು ನೋಡಿದವರಲ್ಲ. ಇಲ್ಲಿ ಹೊಸ ಗಾಡಿ ಶೋರೂಮಿನಿಂದ ಹೊರಬಿದ್ದರೆ ಮೊದಲು ಗುಡಿಗೋ ದರ್ಗಾಕ್ಕೋ ಹೋಗುತ್ತದೆ, ಅಲ್ಲಿಂದ ನೆಟ್ಟಗೆ ನಜೀಬನ ಅಂಗಡಿಗೆ ಬರುತ್ತದೆ. ಎರಡೂ ಬದಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಕೂತ ಮೇಲೆಯೇ ಅದು ಗಾಡಿ ಅನ್ನಿಸಿಕೊಳ್ಳುವುದು. ಮಗುವಿಗೆ ಕಿವಿ ಚುಚ್ಚಿಸಿದ ಹಾಗೆ, ಯಾರೂ ಅದನ್ನು ಬದಲಾವಣೆ ಎಂದು ತಿಳಿಯುವುದಿಲ್ಲ. ಹಾಗೆ ಕೂರಿಸಿದ ಪಟ್ಟಿಯ ತುದಿಗೆ ಉಳಿಯಿಂದ ಮೂರು ಚುಕ್ಕಿ ಹೊಡೆಯುವುದು ನಜೀಬನ ರೂಢಿ. ಸಂಜೆ ಹೊತ್ತು ಅಂಗಡಿಯ ಮುಂದೆ ಕೂತಾಗ ಹಾದುಹೋಗುವ ಗಾಡಿಗಳನ್ನು ನೋಡಿ, ಇದು ನನ್ನದು, ಅದು ನನ್ನದು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದ. ಕಳಕಮ್ಮನ ಗಾಡಿ ಬಂದರೆ ಮಾತ್ರ ಎದ್ದು ಒಳಗೆ ಹೋಗಿ ಏನಾದರೂ ಹುಡುಕುತ್ತಿದ್ದ.

ಇವತ್ತಿನ ತಂಟೆಗೆಲ್ಲ ಮೂಲ ಹರ್ನಿಯಾ. ಹೋದ ಮಳೆಗಾಲ ಆಪರೇಷನ್ ಮಾಡಿದ ಡಾಕ್ಟರು ನಲವತ್ತು ದಿನ ಸುತ್ತಿಗೆ ಮುಟ್ಟಬೇಡಿ ಅಂದಿದ್ದರು. ಮಗಳು ಮುಸ್ಕಾನ ತನ್ನ ಹಳೇ ಫೋನು ಕೈಗೆ ಕೊಟ್ಟು ಹೋದಳು. ಏನೋ ಒತ್ತಲು ಹೋಗಿ ಏನೋ ಬಂತು: ಹಿಂದಿಯಲ್ಲಿ ಮಾತಾಡುವ ಒಬ್ಬ, ಕಪ್ಪುಬಿಳುಪು ಚಿತ್ರ, ಮಣ್ಣಿನ ಬಯಲಿನಲ್ಲಿ ಧೂಳೆಬ್ಬಿಸಿಕೊಂಡು ಓಡುವ ದಪ್ಪ ದಪ್ಪ ಕಾರುಗಳು. ಅಮೆರಿಕದ ದಕ್ಷಿಣದ ಗುಡ್ಡಗಾಡಿನ ಮಂದಿ ಕಾಡಿನೊಳಗೆ ಕದ್ದು ಭಟ್ಟಿ ಇಳಿಸುತ್ತಿದ್ದರಂತೆ. ಊರೂರಿಗೆ ಸಾಗಿಸಲು ಮನೆಮಂದಿ ಓಡಾಡುವಂಥ ಸಾದಾ ಕಾರು. ಹೊರಗಿನಿಂದ ನೋಡಿದರೆ ಹೆಂಡತಿ ಮಕ್ಕಳನ್ನು ಚರ್ಚಿಗೆ ಕರೆದೊಯ್ಯುವ ಕಾರು, ಬಾನೆಟ್ಟಿನ ಕೆಳಗೆ ಬೇರೆಯೇ ಎಂಜಿನ್ನು. ಡಿಕ್ಕಿಯ ತುಂಬ ಸಾರಾಯಿ ಹೇರಿದರೂ ಕಾರಿನ ಹಿಂಭಾಗ ತಗ್ಗಬಾರದು, ತಗ್ಗಿದರೆ ಅಬಕಾರಿಯವರಿಗೆ ಗುರುತು ಸಿಗುತ್ತದೆ. ಅದಕ್ಕೇ ಹಿಂದಿನ ಕಮಾನುಪಟ್ಟಿ ಬಿಗಿ ಮಾಡಿಸುತ್ತಿದ್ದರು. ಈ ಮಾತು ಕೇಳಿದಾಗ ನಜೀಬ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎದ್ದು ಕೂತ. ಅಮೆರಿಕದಲ್ಲೂ ಒಬ್ಬ ನಜೀಬ ಇದ್ದ!

ಆಮೇಲೆ ನಲವತ್ತು ದಿನವೂ ಅದೇ. ಯಾರ ಕಾರು ಜೋರು ಅನ್ನುವ ಜಂಬ ಬೆಳೆದು ದನ ಮೇಯುವ ಬಯಲಿನಲ್ಲಿ ಭಾನುವಾರದ ಪೈಪೋಟಿ ಶುರುವಾದದ್ದು, ಟಿಕೆಟ್ಟಿನ ದುಡ್ಡು ಹೊಡೆದುಕೊಂಡು ಓಡಿಹೋಗುವ ಮುಖಂಡರು ಹುಟ್ಟಿಕೊಂಡದ್ದು, ಒಂದು ಚಳಿಗಾಲದಲ್ಲಿ ಕಡಲದಂಡೆಯ ಊರಿನ ಹೋಟೆಲ್ಲಿನ ಮೇಲಂತಸ್ತಿನಲ್ಲಿ ಹತ್ತಾರು ಮಂದಿ ಕೂತು ಸಂಘ ಕಟ್ಟಿ ನಿಯಮ ಬರೆದದ್ದು, ೧೯೪೯ರಲ್ಲಿ ಕಂಪನಿ ಕೊಟ್ಟ ಹಾಗೇ ಇರುವ ಕಾರುಗಳದ್ದೇ ಮೊದಲ ಓಟ ನಡೆದದ್ದು. ಮಂದಿ ರಸ್ತೆಯ ಮೇಲೆ ಓಡಿಸುವ ಕಾರನ್ನೇ ತಂದು ಇಳಿಸಿದರು. ಒಬ್ಬ ಬೇರೆಯವರ ಕಾರನ್ನು ಕಡ ತಂದು ಪಲ್ಟಿ ಹೊಡೆಸಿ, ಇನ್ನು ಮನೆಗೆ ಹೇಗೆ ಹೋಗುವುದು ಎಂದು ಕೂತ. ಒಬ್ಬ ಹೆಂಗಸೂ ಓಡಿಸಿದಳು. ಓಟ ಮುಗಿದ ಮೇಲೆ ಗೆದ್ದ ಕಾರಿನ ಕೆಳಗೆ ಬಗ್ಗಿ ನೋಡಿದವನು, ಹಿಂದಿನ ಕಮಾನು ಬದಲಾಗಿದೆ, ಇದು ಸಾರಾಯಿ ಹೊರುವ ಕಾರು, ನಿಯಮಕ್ಕೆ ಹೊರಗು ಅಂದ. ಬಹುಮಾನ ಎರಡನೆಯವನಿಗೆ ಹೋಯಿತು. ಹಾಗೆ ಬಗ್ಗಿ ನೋಡಿದವನ ಮುಖ ಫೋನಿನಲ್ಲಿ ಬರಲಿಲ್ಲ. ನಜೀಬನೇ ಅವನಿಗೊಂದು ಮುಖ ಕೊಟ್ಟುಕೊಂಡ: ಐವತ್ತೆಂಟರ ವಯಸ್ಸು, ಬನಿಯನ್ನು, ಮೊಣಕೈತನಕ ಎಣ್ಣೆ. ಒಟ್ಟಿನಲ್ಲಿ ಕನ್ನಡಿಯಲ್ಲಿ ದಿನಾ ಕಾಣುವ ಮುಖವೇ.

ಚಹಾದಂಗಡಿಯಲ್ಲಿ ಈ ಕತೆ ಎಷ್ಟು ಸಲ ಆಯಿತೆಂದರೆ ಅವನ ಹೆಸರು ಅಮೆರಿಕಾ ಮೇಸ್ತ್ರಿ ಎಂದಾಯಿತು. ಹಾಗೆ ಕರೆದರೆ ಸಿಟ್ಟು ಬಂದವನಂತೆ ಮಾಡುತ್ತಿದ್ದ. ಯಾರೂ ಕರೆಯದ ದಿನ ತಾನೇ ಮಾತನ್ನು ಅತ್ತ ಎಳೆಯುತ್ತಿದ್ದ. ಅಲ್ಲಿ ಒಬ್ಬ ಡ್ರೈವರು ಕೋತಿಯನ್ನು ಜೊತೆಗೆ ಕೂರಿಸಿಕೊಂಡು ಓಡಿಸಿ ಗೆದ್ದಿದ್ದ ಎಂದಾಗ ಮಾತ್ರ ಒಬ್ಬರೂ ನಂಬಲಿಲ್ಲ. ಅದೂ ನಿಜವೇ, ಅದನ್ನೇ ನಂಬಲಿಲ್ಲವಲ್ಲ ಎಂಬ ದುಃಖ ಅವನಿಗೆ ಇನ್ನೂ ಇದೆ. ಗೂಡ್ಸ್ ಗಾಡಿ ಡ್ರೈವರುಗಳ ಸಂಘದ ಅಧ್ಯಕ್ಷ ತಿರುಮಲೇಶ ಮಾತ್ರ ಕೋತಿಯೊಂದನ್ನು ಬಿಟ್ಟು ಎಲ್ಲವನ್ನೂ ನಂಬಿದ. “ಚಾಚಾ, ಕಾಲುವೆ ಬಂದ್ ಆದ ಮ್ಯಾಲೆ ಕೊಯ್ದ ಗದ್ದಿ ಖಾಲಿ ಬಿದ್ದಿರ್ತಾವ. ನಾವೂ ಓಡಸೂಣು. ನಿನ್ನಿ ಹೇರಿದ ಗಾಡಿ ಇವತ್ತ ಓಡ್ಬೇಕು. ಕಂಪನಿ ಕೊಟ್ಟಂಗ ಇರ್ಬೇಕು. ನೋಡೋ ಸಾಹೇಬ್ರು ನೀವ.” ಸಾಹೇಬ್ರು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ನಜೀಬನಿಗೆ ಮುಂದಿನದು ಕೇಳಿಸಲಿಲ್ಲ. ಎಂಜಿನ್ನು, ಸೈಲೆನ್ಸರು, ಟೈರು ನೋಡುವುದು ಎಂದುಕೊಂಡಿದ್ದ. ಕಮಾನುಪಟ್ಟಿಯ ಕತೆಯನ್ನು ನೂರು ಸಲ ಹೇಳಿದವನಿಗೆ ಕಮಾನುಪಟ್ಟಿಯೇ ನೆನಪಾಗಲಿಲ್ಲ; ಅದು ನೆನಪಾಗಲು ಇವತ್ತಿನ ನಳದ ನೀರೇ ಬೇಕಾಯಿತು.

“ನಾಷ್ಟಾ ತಣ್ಣಗಾಕ್ಕೈತಿ. ಅಮೆರಿಕಾದಿಂದ ಬರ್ತೀರೋ, ಇಲ್ಲೋ?” ರಜಿಯಾಬೇಗಂ ತಟ್ಟೆ ಇಟ್ಟಳು. ಅವನು ಚಪಾತಿ ಮುರಿದ, ಮುರಿದದ್ದನ್ನು ಮತ್ತೆ ಮುರಿದ.

“ರಜಿಯಾ, ಒಂದು ಗಾಡಿಗೆ ಪಟ್ಟಿ ಹಾಕೀನಿ ಅಂತ ಹೇಳಿ ಹಾಕಲಾರದ ಬಿಟ್ಟಿದ್ರ?”

“ಯಾರು, ನೀವಾ?” ಅವಳು ನಕ್ಕಳು. “ನಮ್ಮ ಮನಿ ಕಪಾಟಿನ ಬಾಗಲಾ ಆರು ತಿಂಗಳಿಂದ ಹಾಕೀನಿ ಹಾಕೀನಿ ಅಂತೀರಿ. ಮನೀ ಕೆಲಸ ಬಿಡ್ತೀರಿ, ಗಿರಾಕಿ ಕೆಲಸ ಎಂದಾರ ಬಿಟ್ಟೀರೇನು?”

ಅಷ್ಟು ಖಾತ್ರಿಯಿಂದ ಅವಳು ನಕ್ಕದ್ದರಿಂದ ಬಾಯಿಗೆ ಬಂದದ್ದು ವಾಪಸು ಹೋಯಿತು. ಎಲ್ಲರೂ ಹೀಗೇ, ನಂಬಿ ನಂಬಿಯೇ ತನ್ನನ್ನು ಹಾಳು ಮಾಡಿದರು ಎಂದು ಅವನಿಗೆ ಅನ್ನಿಸಿತು. ತಪ್ಪನ್ನು ಊರಿನ ಮೇಲೆ ಹಾಕಿದ ಮೇಲೆ ಒಂದು ಚಪಾತಿ ಸಲೀಸಾಗಿ ಇಳಿಯಿತು.

ಓಟದ ಗದ್ದೆಗೆ ಸ್ಕೂಟರ್ ಏರಿ ಹೊರಟಾಗ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕಳಕಮ್ಮ ಬೇವೂರಿನ ಕಡೆಯವಳು. ಗಂಡ ಕನಕಪ್ಪನಿಗೆ ಸ್ಟೇರಿಂಗ್ ಹಿಡಿದರೆ ನಿದ್ದೆ. ಎರಡು ಸಲ ಗಾಡಿಯನ್ನು ಹೊಲಕ್ಕೆ ಇಳಿಸಿದ ಮೇಲೆ ಅವಳೇ ಲೈಸೆನ್ಸ್ ಮಾಡಿಸಿಕೊಂಡು, ಅವನನ್ನು ಪಕ್ಕದ ಸೀಟಿನಲ್ಲಿ ಮಲಗಿಸಿಕೊಂಡು ಗಾಡಿ ಹೊಡೆಯತೊಡಗಿದಳು. ಮೂರು ವರ್ಷದ ಹಿಂದೆ ಪಟ್ಟಿ ಹಾಕಿಸಲು ಬಂದ ದಿನ, ಬೇಕಾದ ಅಳತೆಯ ಪಟ್ಟಿ ಅಂಗಡಿಯಲ್ಲಿ ಇರಲಿಲ್ಲ. ಗಂಗಾವತಿಯಿಂದ ತರಿಸಬೇಕು, ಎರಡು ದಿನ ಬೇಕು. ಅವಳಿಗೆ ಅದೇ ಸಂಜೆ ಮದುವೆ ಮನೆಯ ಪಾತ್ರೆ ಸಾಗಿಸಬೇಕಿತ್ತು. “ಆಗಂಗಿಲ್ಲ” ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಜೀಬನ ಅಂಗಡಿಯಲ್ಲಿ ಆಗಂಗಿಲ್ಲ ಅನ್ನುವ ಮಾತೇ ಇಲ್ಲ ಎಂದು ಅವಳು ಬರುತ್ತಲೇ ಹೇಳಿದ್ದಳು, ಇನ್ನಿಬ್ಬರು ಗಿರಾಕಿಗಳು ಹೌದೌದು ಅಂದಿದ್ದರು. ಪಟ್ಟಿಗಳನ್ನು ಬಿಚ್ಚಿ, ತಿಕ್ಕಿ, ಕರಿ ಬಣ್ಣ ಬಳಿದು, ಹಾಗೇ ಕೂರಿಸಿ ಬೋಲ್ಟು ಬಿಗಿದ. “ಹಾಕೀನಿ, ಒಯ್ಯಿ ತಂಗಿ.” ಮಜೂರಿಯನ್ನೂ ತಗೊಂಡ. ಬರುವ ವಾರ ಗ್ರೀಸಿಗೆ ಬಂದಾಗ ಹಾಕಿಬಿಟ್ಟರಾಯಿತು. ಅವಳು ಬಂದದ್ದು ಎರಡು ತಿಂಗಳಿಗೆ, ಬಂದವಳು ನಾಲ್ಕು ಮಂದಿಯ ಮುಂದೆ, “ಮೇಸ್ತ್ರಿ ಪಟ್ಟಿ ಹಾಕಿದ ಮ್ಯಾಲೆ ನಮ್ಮ ಗಾಡಿ ಹೂ ಹೋದಂಗ ಹೊಕ್ಕೈತ್ರಿ” ಅಂದಳು. ಹೂ ಹೋದಂತೆ ಹೋಗುತ್ತದೆ ನಿಜ, ಪಟ್ಟಿ ಕಡಿಮೆ ಇದ್ದರೆ ಗಾಡಿ ಮೆತ್ತಗೇ ಹೋಗುವುದು. ಆವತ್ತಿನಿಂದ ಅವಳ ಕಡೆ ಗ್ರೀಸಿನ ದುಡ್ಡು ತಗೊಳ್ಳುವುದು ಬಿಟ್ಟ. ದೊಡ್ಡ ಮನುಷ್ಯ ಎಂದು ಅವಳು ಅದನ್ನೂ ಊರಿಗೆ ಸಾರಿದಳು.

ಇಷ್ಟೇ ಆಗಿದ್ದರೆ ನಜೀಬ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದ. ಹೋದ ವರ್ಷ ಕಾಲುವೆಯ ತಿರುವಿನಲ್ಲಿ ನೆಲ್ಲಿನ ಚೀಲ ಹೇರಿದ ಅವಳ ಗಾಡಿ ಒಂದು ಮಗ್ಗುಲಿಗೆ ಕುಸಿದು ಬಿತ್ತು. ಅವಳ ಹೆಗಲ ಎಲುಬು ಮುರಿಯಿತು. ಕನಕಪ್ಪನಿಗೆ ಏನೂ ಆಗಲಿಲ್ಲ, ಎಚ್ಚರವಾಯಿತು ಅಷ್ಟೇ. ಕೈ ಜೋಳಿಗೆ ಕಟ್ಟಿಕೊಂಡು ಅವಳು ಅಂಗಡಿಗೆ ಬಂದಳು, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದಳು. “ನೀವು ಪಟ್ಟಿ ಹಾಕಿದ್ದಕ್ಕ ಜೀವ ಉಳೀತ್ರಿ ಮೇಸ್ತ್ರಿ. ಇಲ್ಲಾಂದ್ರ ಕಾಲುವಿಗೇ ಹೋಗ್ತಿದ್ದೆ.” ನಜೀಬ ಎರಡು ಹೋಳಿಗೆ ತಿಂದ. ಚೆನ್ನಾಗಿದ್ದವು. ಚೆನ್ನಾಗಿದ್ದವಲ್ಲ ಅನ್ನುವುದೇ ಅವನಿಗೆ ಇವತ್ತಿಗೂ ಸಂಕಟ. ಗಾಡಿ ಸರಿ ಮಾಡುವ ನೆಪದಲ್ಲಿ ಗುಟ್ಟಾಗಿ ಪಟ್ಟಿ ಸೇರಿಸಿಬಿಡಬೇಕೆಂದು ತರಿಸಿಟ್ಟಿದ್ದ. ಅವಳೋ ಗಾಡಿ ಬಿಟ್ಟು ಕದಲಲಿಲ್ಲ. ಸ್ಟೂಲಿನ ಮೇಲೆ ಕೂತು ಬೆಳಗಿನಿಂದ ಸಂಜೆತನಕ ಅವನ ಕೈಯನ್ನೇ ನೋಡಿದಳು, ನಡುನಡುವೆ “ಏನ್ ಕೈಗುಣರೀ ನಿಮ್ಮದು” ಎಂದಳು. ಅದಾದ ಮೇಲೆ ಅವಳು ಅರ್ಧ ಲೋಡಿಗಿಂತ ಹೆಚ್ಚು ಹೇರುವುದಿಲ್ಲ. ಗಿರಣಿಯ ಬಾಡಿಗೆ ಬಿಟ್ಟು ತರಕಾರಿಯ ಬಾಡಿಗೆ ಹಿಡಿದಳು. ತಿರುವು ಬಂದರೆ ಎಮ್ಮೆಗಿಂತ ನಿಧಾನ. ಕಳಕಮ್ಮನ ಹಿಂದೆ ಸಿಕ್ಕಿಬಿದ್ದರೆ ಮನೆ ಮುಟ್ಟಿದ ಹಾಗಿಲ್ಲ ಎಂದು ಡ್ರೈವರುಗಳು ಅಂಗಡಿಯಲ್ಲಿ ನಗುತ್ತಿದ್ದರು, ನಜೀಬ ಬಗ್ಗಿ ಸುತ್ತಿಗೆಯ ಹಿಡಿ ಸಡಿಲವಾಗಿದೆಯೇ ಎಂದು ನೋಡುತ್ತಿದ್ದ.

ಗದ್ದೆಯ ಸುತ್ತ ಇನ್ನೂರು ಮುನ್ನೂರು ಮಂದಿ ಸೇರಿದ್ದರು. ಒಂದು ಕಡೆ ಒಗ್ಗರಣಿ, ಮಿರ್ಚಿ ಬಜ್ಜಿಯ ಬಾಣಲೆ, ಒಂದು ಕಡೆ ಮೈಕು. ಏಳು ಗಾಡಿ, ಒಂದೊಂದರಲ್ಲಿ ಹತ್ತು ಚೀಲ ತೌಡು. ಐದು ಸುತ್ತು. ನಜೀಬನಿಗೆ ಕುರ್ಚಿ ಹಾಕಿ ಕೊರಳಿಗೆ ಮಾಲೆ ಹಾಕಿದ್ದರು. ಬಾನೆಟ್ಟು ಎತ್ತಿಸಿ, ಸೈಲೆನ್ಸರಿಗೆ ಕಿವಿಗೊಟ್ಟು, ಟೈರಿಗೆ ಒದ್ದು ಏಳಕ್ಕೂ ಪಾಸು ಎಂದ. ಕೆಳಗೆ ಬಗ್ಗಲಿಲ್ಲ. ಹರ್ನಿಯಾದವನು, ಯಾರೂ ಬಗ್ಗು ಎನ್ನಲಿಲ್ಲ. ಇಷ್ಟೇ ಇದ್ದದ್ದಕ್ಕೆ ಬೆಳಗಿನಿಂದ ಎಷ್ಟು ಒದ್ದಾಡಿದೆ ಎಂದು ಸಮಾಧಾನವಾಗಿ ಮಿರ್ಚಿಯ ಕಡೆ ನೋಡುತ್ತಿದ್ದಾಗ ಕಳಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮೇಸ್ತ್ರಿ, ಅಮೆರಿಕಾದಾಗ ಒಬ್ಬಾಕಿ ಓಡಿಸಿದ್ಲು ಅಂದಿದ್ರಲ್ಲ, ಎಷ್ಟನೇದಾಕಿ ಬಂದ್ಲು?” ಎಂದಳು. ಅವನಿಗೆ ಗೊತ್ತಿರಲಿಲ್ಲ. “ನಡುವ ಬಂದ್ಲು” ಎಂದ. ಒಂದು ಸುಳ್ಳಿನ ಮೇಲೆ ಇನ್ನೊಂದು ಹೇಳುವುದು ಇಷ್ಟು ಸಲೀಸೇ ಎಂದು ತನಗೆ ತಾನೇ ಆಶ್ಚರ್ಯಪಟ್ಟ. “ಹಂಗಾರ ನಾನು ಕಡೀಕ ಬಂದ್ರೂ ಚಿಂತಿ ಇಲ್ಲ ಬಿಡ್ರಿ” ಎಂದು ಅವಳು ನಕ್ಕಳು. ಅವಳ ಹೆಸರನ್ನು ಏಳರ ಲೆಕ್ಕ ತುಂಬಲಿ ಎಂದು ತಿರುಮಲೇಶ ಸೇರಿಸಿದ್ದ. ಅವಳು ಇಲ್ಲ ಅಂದಿರಲಿಲ್ಲ.

ಓಟ ಕಾಲು ಗಂಟೆಯೂ ಆಗಲಿಲ್ಲ. ಧೂಳಿನಲ್ಲಿ ಯಾರು ಎಲ್ಲಿ ಎಂಬುದೇ ತಿಳಿಯಲಿಲ್ಲ, ಮಂದಿ ಮಾತ್ರ ತಿಳಿದವರಂತೆ ಕೂಗಿದರು. ಅಕ್ಬರ ಮೊದಲು ಬಂದ. ಗಂಗಾವತಿಗೆ ದಿನಾ ಅಕ್ಕಿ ಹೊರುವ ಹುಮ್ಮಸ್ಸಿನವನು, ಇಳಿಯುವ ಮೊದಲೇ ಕೈ ಎತ್ತಿದ್ದ. ಕಳಕಮ್ಮ ಐದನೇ ಸುತ್ತಿನ ಕೊನೆಯ ತಿರುವಿನಲ್ಲಿ ಬ್ರೇಕು ಹಿಡಿದು ಹಿಡಿದು ಬರುವಷ್ಟರಲ್ಲಿ ಉಳಿದವರು ನೀರು ಕುಡಿದು ಮುಗಿಸಿದ್ದರು. ಆಗ ತಿರುಮಲೇಶ ಮೈಕು ಹಿಡಿದ. “ಬಂಧುಗಳೇ, ಅಮೆರಿಕಾದಾಗ ಗೆದ್ದ ಗಾಡಿ ಕೆಳಗ ಬಗ್ಗಿ ನೋಡಿದ್ರಂತ. ನಾವೂ ನೋಡ್ತೀವಿ. ನಮ್ಮಲ್ಲಿ ಮೋಸಕ್ಕ ಜಾಗಾ ಇಲ್ಲ. ಚಾಚಾ, ಬರ್ರಿ.”

ನಜೀಬ ಕುರ್ಚಿಯಿಂದ ಎದ್ದ. ಗೋಣಿಚೀಲ ಹಾಸಿದರು. ಅಕ್ಬರನ ಗಾಡಿಯ ಕೆಳಗೆ ಅಂಗಾತ ಮಲಗಿ ಕಣ್ಣು ತೆರೆದರೆ ಮೂರು ಚುಕ್ಕಿ ಅವನನ್ನೇ ನೋಡುತ್ತಿದ್ದವು. ಸುಮ್ಮನೆ ಪಾಸು ಅಂದುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಎರಡನೆಯವನಾಗಿ ಬಂದಿದ್ದ ಜಹೀರ ಆ ಬದಿಯಿಂದ ತಾನೂ ತಲೆ ತೂರಿಸಿ, “ಚಾಚಾ, ಆ ಚುಕ್ಕಿ ನಿಮ್ಮವಲ್ಲೇನು? ಅಂದ್ರ ಇದು ಕಂಪನಿದಲ್ಲ” ಎಂದು ಕೂಗಿದ.

“ಕಂಪನಿದ ಐತಿ! ತಂದಾಗಿಂದ ಹಿಂಗ ಐತಿ!” ಎಂದು ಅಕ್ಬರ ಕೂಗಿದ.

“ತಂದ ಮೂರನೇ ದಿನ ನನ್ನ ಕಡೆ ಬಂದಿದ್ದಿ” ಎಂದ ನಜೀಬ, ಕೆಳಗಿನಿಂದಲೇ. ಅಕ್ಬರನ ಮುಖದಲ್ಲಿ ನಿಜವಾದ ಬೆರಗು ಇತ್ತು. ಮಂದಿ ಹೋ ಎಂದರು. ಜಹೀರ ಬಹುಮಾನದ ಕಪ್ಪಿನ ಕಡೆ ಎರಡು ಹೆಜ್ಜೆ ಇಟ್ಟ. “ನಿಂದೂ ನೋಡ್ತೀವಿ, ನಿಂದ್ರು” ಎಂದ ತಿರುಮಲೇಶ. ಜಹೀರನದರಲ್ಲೂ ಮೂರು ಚುಕ್ಕಿ. ಮೂರನೆಯದರಲ್ಲೂ. ನಾಲ್ಕನೆಯದರಲ್ಲಿ ಎರಡು ಪಟ್ಟಿ ಹೆಚ್ಚಿಗೆ, ಆರು ಚುಕ್ಕಿ. ಒಂದೊಂದು ಗಾಡಿ ಹೊರಗಾದಂತೆ ಮಂದಿಯ ನಗೆ ದೊಡ್ಡದಾಯಿತು; ತನ್ನದೂ ಹೋಗುತ್ತದೆಂದು ಗೊತ್ತಿದ್ದ ಡ್ರೈವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. “ಅಮೆರಿಕಾ ಮೇಸ್ತ್ರಿ ಊರ ಗಾಡೀನೆಲ್ಲಾ ಕೆಡಿಸ್ಯಾನ!” ಎಂದು ಯಾರೋ ಕೂಗಿದರು. ನಜೀಬ ಗೋಣಿಚೀಲ ಎಳೆದುಕೊಂಡು ಒಂದರಿಂದ ಒಂದಕ್ಕೆ ಹೋಗುತ್ತಿದ್ದ. ಕೊರಳ ಮಾಲೆ ಧೂಳಿನಲ್ಲಿ ಉಜ್ಜಿ ಹೂ ಉದುರಿದ್ದವು. ಆರನೆಯದರಿಂದ ಹೊರಗೆ ಬಂದಾಗ ತಿರುಮಲೇಶ ಮೈಕಿನಲ್ಲಿ, “ಉಳಿದಾಕಿ ಕಳಕಮ್ಮಕ್ಕ ಒಬ್ಬಾಕಿ. ಆಕೀ ಗಾಡಿಗಂತೂ ಪಟ್ಟಿ ಚಾಚಾನ ಹಾಕ್ಯಾರ, ಆಕೀನ ಊರ ತುಂಬ ಹೇಳ್ಕೊಂತ ಅಡ್ಡಾಡ್ಯಾಳ. ಹಂಗಾರ ಈ ವರ್ಷ ಯಾರೂ ಗೆದ್ದಿಲ್ಲ. ಎಲ್ಲಾರೂ ಮಿರ್ಚಿ ತಿನ್ನೋಣು ಬರ್ರಿ!” ಎಂದ. ಚಪ್ಪಾಳೆ ಬಿತ್ತು.

ಎಷ್ಟು ಚೆಂದ ಮುಗಿದಿತ್ತು. ಹೌದು ಎಂದು ತಲೆ ಆಡಿಸಿದ್ದರೆ ಸಾಕಿತ್ತು. ತಲೆಯನ್ನೂ ಆಡಿಸಬೇಕಿರಲಿಲ್ಲ, ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು. ಅವನು ಕೈಯ ಧೂಳು ಕೊಡವಿದ. ಕಳಕಮ್ಮ ಗಾಡಿಗೆ ಒರಗಿ ನಿಂತು ಎಲ್ಲರ ಜೊತೆ ನಗುತ್ತಿದ್ದಳು, ಎಡ ಹೆಗಲನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ಐದು ಸುತ್ತು ಸ್ಟೇರಿಂಗ್ ತಿರುಗಿಸಿದ್ದಕ್ಕೆ ನೋವು ಎದ್ದಿತ್ತು ಎಂದು ಕಾಣುತ್ತದೆ. ಅದನ್ನು ನೋಡಿದ ನಜೀಬ, ಯಾರೂ ಕೇಳದಿದ್ದರೂ, ಗೋಣಿಚೀಲ ಎಳೆದುಕೊಂಡು ಏಳನೇ ಗಾಡಿಯ ಕೆಳಗೆ ಹೋಗಿ ಮಲಗಿದ. ಅಲ್ಲಿ ನೆರಳಿತ್ತು. ಸ್ವಲ್ಪ ಹೊತ್ತು ಇಲ್ಲೇ ಇದ್ದುಬಿಡಬಹುದು ಅನ್ನಿಸಿತು.

“ಕತ್ತಲಿ ಐತಿ, ಕಾಣ್ತೈತೇನ್ರಿ?” ಕಳಕಮ್ಮ ಸೆರಗು ಸಿಕ್ಕಿಸಿಕೊಂಡು ಆ ಬದಿಯಿಂದ ಮೊಣಕೈ ಊರಿ ಒಳಗೆ ಬಂದಳು, ಫೋನಿನ ಬೆಳಕು ಹಿಡಿದಳು. ಅವರಿಬ್ಬರ ನಡುವೆ ಗಾಡಿಯ ಅಚ್ಚು ಇತ್ತು. ಬೆಳಕು ಪಟ್ಟಿಗಳ ಮೇಲೆ ಬಿತ್ತು.

“ನಿಮ್ಮ ಚುಕ್ಕಿ ಎಲ್ಲದಾವ್ರಿ?”

“ಇಲ್ಲ, ತಂಗಿ.”

“ಕೆಸರು ಮೆತ್ತಿರಬೇಕು.”

“ಕೆಸರಲ್ಲ. ನಾನು ಹಾಕಿಲ್ಲ. ಆವತ್ತ ಪಟ್ಟಿ ಇದ್ದಿಲ್ಲ. ಇಲ್ಲ ಅನ್ನಾಕ ನಾಚಿಕಿ ಆತು. ಬಣ್ಣ ಹಚ್ಚಿ ಕೊಟ್ಟೆ.”

ಬೆಳಕು ಕದಲಲಿಲ್ಲ. ಹೊರಗೆ ಮೈಕಿನಲ್ಲಿ ಯಾರೋ ಹಲೋ ಹಲೋ ಅನ್ನುತ್ತಿದ್ದರು. ಬೈಯಲಿ, ಕೂಗಲಿ ಎಂದು ನಜೀಬ ಕಾದ. ಅವಳು ಕೈ ಚಾಚಿ ಪಟ್ಟಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

“ಎಲ್ಲಿ ಇರಬೇಕಿತ್ತು?”

ಅವನು ತೋರಿಸಿದ. ಒಂದು ಬೆರಳಿನ ದಪ್ಪದ ಜಾಗ.

“ಬಿದ್ದದ್ದು ಅದಕ್ಕೇನು?”

“ಅದಕ್ಕ. ನಿನ್ನ ತಪ್ಪೇನೂ ಇದ್ದಿಲ್ಲ. ಪಟ್ಟಿ ಐತಿ ಅಂತ ತಿಳಿದು ನೀನು ಹೇರಿದ್ದು ಸರೀನ ಇತ್ತು.”

ಕಳಕಮ್ಮ ಆ ಜಾಗದಲ್ಲಿ ತನ್ನ ಬೆರಳು ಇಟ್ಟು ನೋಡಿದಳು. ಮಾತಾಡಿದಾಗ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. “ಒಂದು ವರ್ಷ ಆತ್ರಿ ಮೇಸ್ತ್ರಿ. ಪಟ್ಟಿ ಛಲೋ ಇತ್ತು, ನನ್ನ ಕೈ ಛಲೋ ಇದ್ದಿಲ್ಲ ಅಂತ ತಿಳ್ಕೊಂಡೀನಿ. ತಿರುವು ಬಂದ್ರ ಕೈ ನಡಗತಾವ. ಮಂದಿ ನಗತಾರ, ನಾನೂ ನಗತೀನಿ. ನನಗ ಗಾಡಿ ಹೊಡ್ಯಾಕ ಬರಂಗಿಲ್ಲ ಅಂತ ನಾನ ಒಪ್ಕೊಂಡುಬಿಟ್ಟಿದ್ದೆ.”

ನಜೀಬನಿಗೆ ತಾನು ಇಲ್ಲಿಯತನಕ ಒಂದು ಪಟ್ಟಿಯ ಲೆಕ್ಕವನ್ನೇ ಹಾಕುತ್ತಿದ್ದೆ ಎಂದು ತಿಳಿಯಿತು. ಎಲುಬಿನ ಲೆಕ್ಕವನ್ನೂ ಹಾಕಿದ್ದ. ಇದನ್ನು ಹಾಕಿರಲಿಲ್ಲ. ಮಾಫ್ ಮಾಡು ಎನ್ನಲು ಬಾಯಿ ತೆರೆದ, ಧೂಳು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಆ ಮಾತು ಸಣ್ಣದಾಗಿ ಕಂಡಿತು, ಆಡಲಿಲ್ಲ.

“ಹೊರಗ ನಡೀರಿ” ಎಂದಳು ಅವಳು. “ಎಲ್ಲಾರಿಗೂ ಹೇಳ್ರಿ. ನನಗ ಹೇಳಿದಂಗ ಸಣ್ಣ ದನೀಲೆ ಅಲ್ಲ.”

ಮೈಕು ಹಿಡಿದ ಅಭ್ಯಾಸ ನಜೀಬನಿಗೆ ಇರಲಿಲ್ಲ. ಮೊದಲನೇ ಮಾತು ಬಹಳ ಜೋರಾಗಿ ಬಂತು, ಎರಡನೆಯದು ಯಾರಿಗೂ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು. ಕಳಕಮ್ಮನ ಗಾಡಿಗೆ ಪಟ್ಟಿ ಹಾಕಿಲ್ಲ. ಹಾಕೀನಿ ಅಂತ ಸುಳ್ಳು ಹೇಳಿದೆ. ಹೋದ ವರ್ಷ ಗಾಡಿ ಬಿದ್ದದ್ದು ಅದಕ್ಕ, ಆಕೀದೇನೂ ತಪ್ಪಿಲ್ಲ. ಕಂಪನಿ ಕೊಟ್ಟಂಗ ಇರೋ ಗಾಡಿ ಅದೊಂದ. ಒಂದಿಬ್ಬರು ಇದೂ ತಮಾಷೆ ಎಂದುಕೊಂಡು ನಕ್ಕರು, ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಆಮೇಲೆ ನಡೆದದ್ದು ಅವನು ಯೋಚಿಸಿರದಂಥದ್ದು. ಅಕ್ಬರ ತನ್ನ ಗಾಡಿಯ ಕೆಳಗೆ ಹೋಗಿ ಮಲಗಿದ. ಈಗಷ್ಟೇ ನೋಡಿ ಆಗಿತ್ತು, ಚುಕ್ಕಿ ಇದ್ದವು. ಆದರೂ ಆ ಕಡೆಯ ಮಗ್ಗುಲಿನಲ್ಲಿ ಪಟ್ಟಿ ಇದೆಯೋ ಇಲ್ಲವೋ ಎಂದು ನೋಡಲು ಹೋದ. ಜಹೀರನೂ ಹೋದ. ನೋಡನೋಡುತ್ತ ಆರೂ ಡ್ರೈವರುಗಳು ಗಾಡಿಗಳ ಕೆಳಗೆ ಸೇರಿ ಬೆರಳಿನಿಂದ ಎಣಿಸತೊಡಗಿದರು, ಹೊರಗೆ ಹನ್ನೆರಡು ಕಾಲುಗಳು ಮಾತ್ರ ಕಂಡವು. ನಲವತ್ತು ವರ್ಷದಲ್ಲಿ ನಜೀಬನ ಕೆಲಸವನ್ನು ಯಾರೂ ಎಣಿಸಿ ನೋಡಿದ್ದಿಲ್ಲ. ಅವನು ಮಾಲೆ ತೆಗೆದು ಕೈಯಲ್ಲಿ ಹಿಡಿದುಕೊಂಡ, ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

ತಿರುಮಲೇಶ ಕಪ್ಪು ತಂದು ಕಳಕಮ್ಮನ ಮುಂದೆ ಹಿಡಿದ. “ನಿಯಮದ ಪ್ರಕಾರ ನೀವ ಗೆದ್ದೀರಿ ಅಕ್ಕಾ.”

“ಕಡೀಕ ಬಂದೀನಿ, ಗೆದ್ದೀನಿ ಅಂದ್ರ ಹೆಂಗೋ?” ಎಂದಳು ಅವಳು. “ಅಲ್ಲೇ ಇಡು. ಐದು ಸುತ್ತು ಹೊಡ್ಕೊಂಡು ಬರ್ತೀನಿ.”

“ಒಬ್ಬಾಕೀನಾ? ಯಾರ ಜೋಡಿ?”

ಅವಳು ಆಗಲೇ ಗಾಡಿಯ ಕಡೆ ನಡೆದಿದ್ದಳು. ಕನಕಪ್ಪನನ್ನು ಎಬ್ಬಿಸಿ ಇಳಿಸಿದಳು. ತೌಡಿನ ಚೀಲಗಳು ಹಾಗೇ ಇದ್ದವು. ಗಾಡಿ ಹೊರಟಿತು. ಮೊದಲ ಸುತ್ತು ಎಂದಿನಂತೆ, ತಿರುವಿನಲ್ಲಿ ಬ್ರೇಕು, ಮತ್ತೆ ಬ್ರೇಕು. ಮಂದಿ ಮಿರ್ಚಿಯ ಕಡೆ ನಡೆದಿದ್ದರು. ಎರಡನೇ ಸುತ್ತಿನಲ್ಲಿ ತಿರುವಿಗೆ ಮೊದಲು ಒಂದೇ ಸಲ ಬ್ರೇಕು ಬಿತ್ತು, ಗಾಡಿಯ ಹಿಂಭಾಗ ಕುಸಿದು ಎದ್ದಿತು. ಎಷ್ಟು ಕುಸಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವಳು ಕೈಯಿಂದ ತೂಗಿ ನೋಡುತ್ತಿದ್ದಾಳೆ ಎಂಬುದು ನಜೀಬನಿಗೆ ತಿಳಿಯಿತು. ಮೂರನೆಯದರಲ್ಲಿ ಬ್ರೇಕಿನ ಸದ್ದು ಬರಲಿಲ್ಲ. ಮಂದಿ ಕೈಯಲ್ಲಿ ಮಿರ್ಚಿ ಹಿಡಿದುಕೊಂಡು ತಿರುಗಿ ಬಂದರು. ನಾಲ್ಕನೇ ಸುತ್ತಿನಲ್ಲಿ ಗಾಡಿ ತಿರುವಿಗೆ ನುಗ್ಗಿದಾಗ ಚೀಲಗಳು ಒಂದು ಮಗ್ಗುಲಿಗೆ ಸರಿದವು, ಒಳಗಿನ ಗಾಲಿ ನೆಲ ಬಿಟ್ಟಿತೋ ಎನ್ನುವಂತಾಯಿತು. ನಜೀಬ ತನ್ನ ಹೊಟ್ಟೆಯ ಹೊಲಿಗೆಯ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಾಡಿ ನೆಟ್ಟಗಾಯಿತು. ಯಾರೂ ನಗುತ್ತಿರಲಿಲ್ಲ, ಅಕ್ಬರ ಶಿಳ್ಳೆ ಹೊಡೆದ.

“ಚಾಚಾ, ಬೀಸ್ರಿ” ಎಂದು ತಿರುಮಲೇಶ ಟವೆಲ್ಲನ್ನು ಅವನ ಕೈಗೆ ತುರುಕಿದ. ಐದನೇ ಸುತ್ತು ಮುಗಿಸಿ ಗಾಡಿ ಧೂಳು ಸೀಳಿಕೊಂಡು ಬರುತ್ತಿತ್ತು. ನಜೀಬ ಓಟ ಮುಗಿಯುವ ಗೆರೆಯ ಮೇಲೆ ನಿಂತು ಟವೆಲ್ಲು ಎತ್ತಿ, ತೋಳು ನೋಯುವಷ್ಟು ಜೋರಾಗಿ ಬೀಸಿದ. ಗಾಡಿ ಮಾರು ದೂರದಲ್ಲಿ ಹಾದುಹೋಯಿತು. ಅವಳು ಟವೆಲ್ಲನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಗೇರು ಬದಲಿಸಿ ಆರನೇ ಸುತ್ತಿಗೆ ಹೋದಳು.